ಸ್ವಂತ ಟಪಾಲು

ಕಲಬುರಗಿಯ ನೆಹರೂ ಗಂಜಿನಲ್ಲಿ ಅಡತಿಯ ಅಂಗಡಿ ಇಟ್ಟು ತೊಗರಿಯ ವ್ಯಾಪಾರ ನಡೆಯಿಸುತ್ತಿದ್ದ ಮನೆತನಗಳಲ್ಲಿ ಕೆಲವು, ಕಾಲ ಕೂಡಿ ಬಂದಂತೆ, ಊರ ಹೊರಗೆ ನಂದೂರ-ಕೆಸರಟಗಿಯ ಕೈಗಾರಿಕಾ ಪ್ರದೇಶದಲ್ಲಿ ಬೇಳೆಯ ಗಿರಣಿಗಳನ್ನು ಹಾಕಿದವು. ಅಂಥದೊಂದು ಗಿರಣಿಯಲ್ಲಿ ವೃದ್ಧರಾದ ಮುನೀಮರೊಬ್ಬರಿದ್ದಾರೆ. 1981ರಲ್ಲಿ, ತಮ್ಮ ಹದಿನೇಳನೆಯ ವಯಸ್ಸಿನಲ್ಲಿ, ಗಂಜಿನ ಅಂಗಡಿಯ ಗಾದಿಯ ಅಂಚಿನಲ್ಲಿ ಚೀಟಿ ಬರೆಯುವದಕ್ಕೆ ಕುಳಿತವರು ಇನ್ನೂ ಎದ್ದಿಲ್ಲ. ತೊಗರಿಯ ತೂಕ, ದರ, ದಲಾಲಿ ಇವೆಲ್ಲ ಬೇರೆಯವರ ಪಾಲಿಗೆ ಹೋದರೂ ಆವಕ-ಜಾವಕದ ವಹಿಯನ್ನು ಮಾತ್ರ ಅವರು ಯಾರಿಗೂ ಬಿಟ್ಟು ಕೊಟ್ಟವರಲ್ಲ. ಬಂದ ಕಾಗದ ಎಡಗಡೆ, ಹೋದ ಕಾಗದ ಬಲಗಡೆ. ಕ್ರಮಾಂಕ, ತಾರೀಖು, ಯಾರಿಂದ, ಯಾರಿಗೆ, ವಿಷಯವೇನು. ಕೆಂಪು ಅರಿವೆಯಲ್ಲಿ ಸುತ್ತಿದ ಆ ವಹಿಗಳು ಕಪಾಟಿನ ತುಂಬ ಸಾಲಾಗಿ ನಿಂತಿವೆ. ದೀಪಾವಳಿಯ ದಿನ ಲೆಕ್ಕದ ಪುಸ್ತಕಗಳೊಡನೆ ಅವಕ್ಕೂ ಕುಂಕುಮ ಬೀಳುವದು. ಮುನೀಮರ ಒಂದು ನಿಯಮವುಂಟು: ವಹಿಯಲ್ಲಿ ನಂಬರು ಬಿದ್ದ ಹೊರತು ‘ಕಳಿಸಿದೆ’ ಎಂಬ ಮಾತು ಅವರ ಬಾಯಿಂದ ಹೊರಡಲಾಗದು. ನಂಬರು ಬಿದ್ದು ಅವರು ಹಾಗೆಂದ ಮೇಲೆ ಗಂಜಿನಲ್ಲಿ ಯಾರೂ ಎರಡನೆಯ ಸಲ ಕೇಳುತ್ತಿರಲಿಲ್ಲ.

ಕಾಗದ ಹೋಗುವ ಮಾರ್ಗಗಳು ಅವರ ಕಣ್ಣೆದುರಿಗೇ ಒಂದೊಂದಾಗಿ ಬದಲಾದವು. ಮೊದಲು ಕಾರ್ಡು, ಲಕೋಟೆ, ಮತ್ತು ಪೇಟೆ ಏರಿದಾಗ ತಾರು. ತಾರಿನ ಒಂದೊಂದು ಶಬ್ದಕ್ಕೂ ಹಣವಾಗುವದರಿಂದ ಹತ್ತು ಶಬ್ದಗಳಲ್ಲಿ ನೂರು ಮೂಟೆಯ ಸೌದೆ ಮುಗಿಸುವ ಜಾಣ್ಮೆಯನ್ನು ಅವರು ಗಳಿಸಿದ್ದರು. 2013ರ ಜುಲೈ ತಿಂಗಳಲ್ಲಿ ಸರಕಾರವು ತಾರನ್ನು ನಿಲ್ಲಿಸಿದಾಗ ಆ ಜಾಣ್ಮೆಗೆ ಗಿರಾಕಿ ಇಲ್ಲದಾಯಿತು. ನಡುವೆ ಟ್ರಂಕ್ ಕಾಲು, ಆಮೇಲೆ ಫ್ಯಾಕ್ಸು. ಈ ದೇಶದಲ್ಲಿ ಸಾಮಾನ್ಯ ಜನರಿಗೆ ಇಂಟರ್ನೆಟ್ಟಿನ ಬಾಗಿಲು ತೆರೆದದ್ದು 1995ರ ಆಗಸ್ಟ್ 15ರಂದು. ಅದು ಈ ಗಿರಣಿಗೆ ಬಂದು ಮುಟ್ಟಲು ಮತ್ತೆ ಹದಿನಾಲ್ಕು ವರ್ಷ ಬೇಕಾದವು. 2009ರಲ್ಲಿ ಯಜಮಾನರು ಗಿರಣಿಯ ಹೆಸರಿನ ಮುಂದೆ ಗುಲ್ಬರ್ಗಾ ಎಂದು ಸೇರಿಸಿ ಒಂದು ಡೊಮೇನನ್ನು ಕೊಂಡರು. 2014ರ ನವೆಂಬರ 1ರಂದು ಊರು ಕಲಬುರಗಿ ಆಯಿತು. ಡೊಮೇನು ಹಾಗೆಯೇ ಉಳಿಯಿತು. ವಿಳಾಸ ಬದಲಿಸಿದರೆ ಮದ್ರಾಸಿನ ಗಿರಾಕಿಗಳು ಎಲ್ಲಿ ಹುಡುಕಿಯಾರೆಂಬ ಹೆದರಿಕೆ. ಮದ್ರಾಸೂ ಚೆನ್ನೈ ಆಗಿ ಬಹುಕಾಲವಾಯಿತೆಂಬದು ಬೇರೆ ಮಾತು.

ಮಿಂಚಂಚೆಯ ಪೆಟ್ಟಿಗೆಗಳು ಹದಿನಾಲ್ಕು. ಅವು ಗಿರಣಿಯಲ್ಲಿರಲಿಲ್ಲ; ದೂರದ ಊರಿನ ಒಬ್ಬ ವ್ಯವಹಾರಸ್ಥನ ದೊಡ್ಡ ಯಂತ್ರದಲ್ಲಿ ಬಾಡಿಗೆಗೆ ಇದ್ದವು. ಬಾಡಿಗೆ ಮೊದಲು ಅಲ್ಪವಾಗಿತ್ತು. ವರ್ಷ ವರ್ಷಕ್ಕೆ ಏರಿತು. ಅದಕ್ಕಿಂತ ಕಷ್ಟದ ಸಂಗತಿಯೆಂದರೆ ಸ್ಥಳದ ಮಿತಿ. ಪೆಟ್ಟಿಗೆ ತುಂಬಿತು, ಹಳೆಯದನ್ನು ಅಳಿಸಿರಿ, ಇಲ್ಲವೆ ಹೆಚ್ಚಿನ ಹಣ ಕೊಡಿರಿ ಎಂದು ಮೂರು ತಿಂಗಳಿಗೊಮ್ಮೆ ಎಚ್ಚರಿಕೆ ಬರುತ್ತಿತ್ತು. ಮುನೀಮರು ಭಾನುವಾರ ಕುಳಿತು ಹಳೆಯ ಪತ್ರಗಳನ್ನು ಅಳಿಸುವರು. 1981ರ ವಹಿಯನ್ನು ಇಲಿ ಮುಟ್ಟದಂತೆ ಕಾಯ್ದ ಮನುಷ್ಯ 2011ರ ಪತ್ರಗಳನ್ನು ತಮ್ಮ ಕೈಯಾರೆ ಇಲ್ಲದಂತೆ ಮಾಡುವದೆಂದರೆ, ಅದರಲ್ಲಿ ಏನೋ ಅಪಚಾರವಿತ್ತು. ಅವರು ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಒಂದೊಂದನ್ನು ಅಳಿಸುವ ಮೊದಲು ಅದರ ಸಾರಾಂಶವನ್ನು ಕಾಗದದ ವಹಿಯಲ್ಲಿ ಬರೆದುಕೊಳ್ಳುತ್ತಿದ್ದರು.

2024ರ ಜನೇವರಿಯಲ್ಲಿ, ಹೊಸ ತೊಗರಿ ಗಂಜಿಗೆ ಬರುತ್ತಿದ್ದ ಭರದಲ್ಲಿ, ಚೆನ್ನೈಯ ಹಳೆಯ ಗಿರಾಕಿಯೊಬ್ಬನಿಂದ ಎರಡು ಲಾರಿ ಫಟಕಾ ಬೇಳೆಗೆ ದರ ಕೇಳಿ ಪತ್ರ ಬಂದಿತು. ಮುನೀಮರು ಅದೇ ದಿನ ಮಧ್ಯಾಹ್ನ ಉತ್ತರ ಬರೆಯಿಸಿ, ವಹಿಯಲ್ಲಿ ನಂಬರು ಹಾಕಿದರು. ನಾಲ್ಕು ದಿನ ಕಾದರು. ಐದನೆಯ ದಿನ ಫೋನಿನಲ್ಲಿ ವಿಚಾರಿಸಲು, ಉತ್ತರ ಬಾರದ್ದರಿಂದ ಲಾತೂರಿನಲ್ಲಿ ಕೊಂಡೆವೆಂದು ಅತ್ತಲಿಂದ ತಿಳಿಯಿತು. ‘ಕಳಿಸಿದೆ’ ಎಂದರು ಮುನೀಮರು. ಆ ತುದಿಯಲ್ಲಿ ಸ್ವಲ್ಪ ಹೊತ್ತು ಮೌನ. ಆಮೇಲೆ ಗಿರಾಕಿ, ‘ಇರಲಿ ಬಿಡಿ, ವಯಸ್ಸಾಯಿತಲ್ಲ’ ಎಂದು ನಕ್ಕು ಫೋನಿಟ್ಟನು. ಎರಡು ಲಾರಿಯ ಲಾಭ ಹೋದದ್ದನ್ನು ಯಜಮಾನರು ಆ ವಾರವೇ ಮರೆತರು. ಮುನೀಮರಿಗೆ ಆ ನಗೆ ಮರೆಯಲಾಗಲಿಲ್ಲ.

ಯಜಮಾನರ ಕಿರಿಯ ಮಗಳು ಪೂಜ್ಯ ದೊಡ್ಡಪ್ಪ ಅಪ್ಪ ಇಂಜಿನಿಯರಿಂಗ್ ಕಾಲೇಜಿನಲ್ಲಿ ಗಣಕಶಾಸ್ತ್ರ ಓದಿ ಮುಗಿಸಿ, ಕೆಲಸ ಹುಡುಕುತ್ತ ಮನೆಯಲ್ಲಿದ್ದಳು. ಮುನೀಮರ ಮುಖ ಬಾಡಿದ್ದನ್ನು ಮೊದಲು ಕಂಡವಳು ಅವಳೇ. ಚೆನ್ನೈಯವರಿಗೆ ಹೇಳಿ ಹುಡುಕಿಸಿದಳು. ಉತ್ತರವು ಅವರ ಕಸದ ಪೆಟ್ಟಿಗೆಯಲ್ಲಿ, ಲಾಟರಿಯ ಜಾಹೀರಾತುಗಳ ನಡುವೆ, ಹೋದ ದಿನದ ತಾರೀಖಿನಲ್ಲೇ ಬಿದ್ದಿತ್ತು. ಕಾರಣವನ್ನು ಅವಳು ಹೀಗೆ ಬಿಡಿಸಿದಳು. ಬಾಡಿಗೆಯ ಆ ಯಂತ್ರದಲ್ಲಿ ನೂರಾರು ಅಂಗಡಿಗಳು ಒಂದೇ ಮನೆಯ ನಂಬರಿನಡಿ ವಾಸಿಸುತ್ತವೆ. ಅವುಗಳಲ್ಲಿ ಯಾವನೋ ಒಬ್ಬನು ಮೋಸದ ಪತ್ರಗಳನ್ನು ಲೋಕಕ್ಕೆಲ್ಲ ಹಂಚಿದನು. ಪತ್ರ ಬರಮಾಡಿಕೊಳ್ಳುವವರು ಮನುಷ್ಯನನ್ನು ನೋಡುವದಿಲ್ಲ, ಮನೆಯ ನಂಬರನ್ನು ನೋಡುತ್ತಾರೆ. ಆ ಮನೆಯಿಂದ ಹೊರಟದ್ದೆಲ್ಲ ಕಸಕ್ಕೆ ಹೋಗತೊಡಗಿತು.

‘ಹಾಂಗಾರ ನಮ್ಮ ಮನಿ ನಮಗ ಬ್ಯಾರೆ ಇರಬೇಕಲ್ಲ, ತಾಯಿ?’ ಎಂದರು ಮುನೀಮರು.

ಈ ಒಂದು ಪ್ರಶ್ನೆಯಿಂದ ಎಲ್ಲವೂ ಹೊರಟಿತು. ದೊಡ್ಡ ವಿದೇಶಿ ಕಂಪನಿಗಳ ಪೆಟ್ಟಿಗೆಗಳನ್ನೇ ಹಿಡಿಯಬಹುದಿತ್ತು. ಬಹಳ ಜನರು ಹಿಡಿಯುವದೂ ಅದನ್ನೇ, ಮತ್ತು ಅದು ಮೂರ್ಖತನವೇನಲ್ಲ. ಆದರೆ ತಲೆಯೊಂದಕ್ಕೆ ತಿಂಗಳ ಬಾಡಿಗೆ ಎಂಬ ಲೆಕ್ಕ ಯಜಮಾನರಿಗೆ ಹಿಡಿಸಲಿಲ್ಲ. ತೂಕದ ಮನೆಯ ಹುಡುಗನಿಗೆ ವಾರಕ್ಕೊಂದು ಪತ್ರ. ಅವನ ಪೆಟ್ಟಿಗೆಗೂ ತಮ್ಮ ಪೆಟ್ಟಿಗೆಯಷ್ಟೇ ಹಣವೆ? ಮೇಲಾಗಿ 2022ರಲ್ಲಿ ಗೂಗಲ್ ಕಂಪನಿಯು ತನ್ನ ಹಳೆಯ ಉಚಿತ ವ್ಯವಸ್ಥೆಯಲ್ಲಿದ್ದ ವ್ಯಾಪಾರಸ್ಥರೆಲ್ಲರೂ ಇನ್ನು ಹಣ ತೆರಬೇಕೆಂದು ಗೊತ್ತುಮಾಡಿದ ಸುದ್ದಿ ಗಂಜಿನಲ್ಲಿಯೂ ಹಬ್ಬಿತ್ತು. ಬಾಡಿಗೆಯ ಮನೆಯವನ ಮನಸ್ಸು ಎಂದು ತಿರುಗುವದೋ ಹೇಳಲಾಗದು. ಹೀಗೆಲ್ಲ ಚರ್ಚೆಯಾಗಿ, ಮಾರ್ಚ್ ಕೊನೆಯ ಲೆಕ್ಕ ಮುಗಿದ ಮೇಲೆ ಯುಗಾದಿಯ ಮುಹೂರ್ತಕ್ಕೆ ಟಪಾಲನ್ನು ಗಿರಣಿಗೇ ತರುವದೆಂದು ನಿಶ್ಚಯವಾಯಿತು. ಆ ವರ್ಷ ಯುಗಾದಿ ಎಪ್ರಿಲ್ 9ಕ್ಕೆ ಬಿದ್ದಿತ್ತು.

ಸಾಮಗ್ರಿ ಹೆಚ್ಚಿನದೇನೂ ಬೇಕಾಗಲಿಲ್ಲ. ಒಂದು ಗಣಕಯಂತ್ರ, ಒಂದು ಕೆಟ್ಟರೆ ಇನ್ನೊಂದು ಉಳಿಯಲೆಂದು ಒಂದೇ ಬರಹವನ್ನು ಹೊರುವ ಎರಡು ಡಿಸ್ಕುಗಳು, ಎರಡು ತಾಸು ವಿದ್ಯುತ್ತು ಕೊಡುವ ಬ್ಯಾಟರಿ, ಮತ್ತು ಎಂದೂ ಬದಲಾಗದ ಮನೆನಂಬರಿನೊಡನೆ ಒಂದು ತಂತಿ. ಒಳಗಿನ ಕಾರ್ಯಕ್ರಮಗಳಿಗೆ ಬೆಲೆಯೇ ಇಲ್ಲ. ಪತ್ರಗಳನ್ನು ಒಯ್ದು ತರುವ ಪೋಸ್ಟ್‌ಫಿಕ್ಸ್ ಎಂಬದನ್ನು ವೀಟ್ಸೆ ವೆನೆಮಾ ಎಂಬವರು ಬರೆದು 1998ರಲ್ಲಿ ಲೋಕಕ್ಕೆ ಹಾಗೆಯೇ ಕೊಟ್ಟುಬಿಟ್ಟರು. ಪತ್ರಗಳನ್ನು ಜೋಡಿಸಿ ಇಟ್ಟು ಕೇಳಿದವರಿಗೆ ತೋರಿಸುವ ಡವ್‌ಕಾಟ್ ಎಂಬದೂ ಅಂಥ ದಾನವೇ. ಇಷ್ಟು ದೊಡ್ಡ ವಸ್ತು ಪುಕ್ಕಟೆ ಸಿಕ್ಕುವದೆಂದರೆ ಯಜಮಾನರಿಗೆ ಸಂಶಯ. ಪುಕ್ಕಟೆ ಸಿಕ್ಕದ್ದು ಬೇರೆಯೇ ಇತ್ತೆಂಬದು ಆಮೇಲೆ ತಿಳಿಯಿತು.

ಮಿಂಚಂಚೆಯ ಹುಟ್ಟಿನಲ್ಲಿಯೇ ಒಂದು ಭೋಳೇತನವಿದೆ. ರೇ ಟಾಮ್ಲಿನ್‌ಸನ್ ಎಂಬ ಅಮೇರಿಕದ ಇಂಜಿನಿಯರರು 1971ರಲ್ಲಿ ಹೆಸರಿಗೂ ಯಂತ್ರಕ್ಕೂ ನಡುವೆ ಆ ಸುರುಳಿಯ ಚಿಹ್ನೆ ಇಟ್ಟು ಮೊದಲ ಪತ್ರ ಕಳಿಸಿದಾಗ ಈ ಟಪಾಲನ್ನು ಬಳಸುವವರು ಒಂದು ಹಳ್ಳಿಯಷ್ಟು ಜನ. 1982ರಲ್ಲಿ ಜಾನ್ ಪೋಸ್ಟೆಲ್ ಎಂಬವರು ಬರೆದ ನಿಯಮಾವಳಿಯೂ ಆ ಹಳ್ಳಿಗಾಗಿಯೇ. ಎಲ್ಲರೂ ಎಲ್ಲರನ್ನೂ ಬಲ್ಲರು. ಆದ್ದರಿಂದ ಬರೆದವನು ತಾನು ಇಂಥವನೆಂದು ಹೇಳಿದರೆ ಸಾಕು, ಯಾರೂ ಮುದ್ರೆ ಕೇಳರು. ಇಂದು ಅದೇ ನಿಯಮದ ಮೇಲೆ ಇಡೀ ಭೂಮಿಯ ಪತ್ರವ್ಯವಹಾರ ನಡೆದಿದೆ. ಹೀಗಾಗಿ ಮುದ್ರೆಗಳನ್ನೆಲ್ಲ ಆಮೇಲೆ ಒಂದರ ಮೇಲೊಂದಾಗಿ ಹಚ್ಚಬೇಕಾಯಿತು. ಮಗಳು ಅವುಗಳನ್ನು ಮುನೀಮರಿಗೆ ಅರ್ಥ ಮಾಡಿಸಿದಳು. ಎಸ್‌ಪಿಎಫ್ ಎಂದರೆ ಚಾವಡಿಗೆ ಹಚ್ಚಿದ ಜಾಹೀರುನಾಮೆ: ನಮ್ಮ ಕಾಗದ ಇಂಥ ಬಾಗಿಲಿನಿಂದಷ್ಟೇ ಹೊರಡುವದು. ಡಿಕಿಮ್ ಎಂದರೆ ಉಂಗುರದ ಮುದ್ರೆ: ಉಂಗುರ ನಮ್ಮ ಬೆರಳಿನಲ್ಲಿ, ಅದರ ಅಚ್ಚು ಎಲ್ಲರ ಕಣ್ಣಿಗೆ. ಡಿಮಾರ್ಕ್ ಎಂದರೆ, ಮುದ್ರೆಯಿಲ್ಲದೆ ನಮ್ಮ ಹೆಸರು ಹೇಳಿಕೊಂಡು ಬಂದವನನ್ನು ಏನು ಮಾಡಬೇಕೆಂಬ ಅಪ್ಪಣೆ, ಮತ್ತು ಅಂಥವರು ಬಂದಿದ್ದರೇ ಎಂಬುದರ ವರದಿ. 2024ರ ಫೆಬ್ರುವರಿಯಿಂದ ಗೂಗಲ್, ಯಾಹೂ ಮುಂತಾದ ದೊಡ್ಡ ಮನೆಗಳು ಈ ಮುದ್ರೆಗಳ ವಿಷಯದಲ್ಲಿ ಬಹಳ ಬಿಗಿಯಾದವು. ದಿನಕ್ಕೆ ಐದು ಸಾವಿರಕ್ಕೆ ಮಿಕ್ಕಿ ಕಳಿಸುವವರಿಗೆ ಮೂರೂ ಬೇಕು. ಸಣ್ಣವರಿಗೂ ಮೊದಲೆರಡರಲ್ಲಿ ಒಂದು ತಪ್ಪದು.

ಹಳೆಯ ಪತ್ರಗಳನ್ನು ಹೊತ್ತು ತರುವದಕ್ಕೆ ಮೂರು ರಾತ್ರಿ ಹಿಡಿಯಿತು. ಪರದೆಯ ಮೇಲೆ ವರ್ಷಗಳು ಒಂದೊಂದಾಗಿ ಸರಿಯುತ್ತಿರಲು ಮುನೀಮರು ಕುರ್ಚಿ ಹಾಕಿಕೊಂಡು ನೋಡುತ್ತ ಕುಳಿತರು. 2009ರ ಪತ್ರಗಳಲ್ಲಿ ಕೆಲವು ಕನ್ನಡದವು. ಅವುಗಳಲ್ಲಿ ಅಕ್ಷರಗಳಿಲ್ಲ, ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆಗಳು. ಯಾವನೋ ರೈತ ಏನನ್ನೋ ಕೇಳಿದ್ದನು. ಕೇಳಿದ್ದೊಂದೇ ಉಳಿದಿತ್ತು, ಕೇಳಿದ್ದೇನೆಂಬದು ಅಳಿದಿತ್ತು. ಆದರೆ 2011ರದು ಬಂದಾಗ ಅಂತರಗಳು ಕಂಡವು. ತಾವು ಅಳಿಸಿದ್ದ ಭಾನುವಾರಗಳನ್ನು ಅವರು ಅಲ್ಲಿ ಗುರುತಿಸಿದರು.

ಯುಗಾದಿಯ ದಿನ ಬೇವು-ಬೆಲ್ಲ ಹಂಚಿ, ಡೊಮೇನಿನ ಪುಸ್ತಕದಲ್ಲಿ ಟಪಾಲಿನ ಮನೆ ಇನ್ನು ಇದು ಎಂದು ಬದಲಾಯಿಸಿದ್ದಾಯಿತು. ಲೋಕಕ್ಕೆಲ್ಲ ಹೊಸ ವಿಳಾಸ ತಿಳಿಯಲು ಒಂದೆರಡು ದಿನ ಹಿಡಿಯಬಹುದಾದ್ದರಿಂದ ಹಳೆಯ ಮನೆಯಲ್ಲಿಯೂ ಒಬ್ಬನು ಕುಳಿತಿರುವಂತೆ ವ್ಯವಸ್ಥೆ ಇತ್ತು. ಬರುವ ಪತ್ರಗಳು ಸುಖವಾಗಿ ಬಂದವು. ಹೋಗುವ ಪತ್ರಗಳು ಹೋಗಲಿಲ್ಲ.

ವಾಚಕರು ಹೊಸ ಊರಿಗೆ ಮನೆ ಬದಲಿಸಿ ಹೋದ ಅನುಭವವನ್ನು ನೆನೆದರೆ ಇದು ತಿಳಿಯುವದು. ಮನೆ ಸ್ವಂತದ್ದೇ, ತೆರಿಗೆ ಕೊಟ್ಟದ್ದೇ. ಆದರೂ ಓಣಿಯ ಅಂಗಡಿಯವನು ಉದ್ರಿ ಕೊಡುವದಿಲ್ಲ. ಗಿರಣಿಗೆ ಸಿಕ್ಕ ಮನೆನಂಬರು, ಸಾಮಾನ್ಯ ಮನೆವಾರ್ತೆಯ ತಂತಿಗಳಿಗೆ ಮೀಸಲಾದ ಸಾಲಿನದಾಗಿತ್ತು. ಅಂಥ ಸಾಲುಗಳಿಂದ ಟಪಾಲು ನೇರವಾಗಿ ಹೊರಡಬಾರದೆಂಬ ಒಂದು ಪಟ್ಟಿಯನ್ನು ಸ್ಪ್ಯಾಮ್‌ಹೌಸ್ ಎಂಬ ಸಂಸ್ಥೆ ಇಟ್ಟಿದೆ; ಲೋಕದ ಬಹುಭಾಗ ಆ ಪಟ್ಟಿಯನ್ನು ನೋಡಿಯೇ ಬಾಗಿಲು ತೆರೆಯುತ್ತದೆ. ಅದರಿಂದ ಹೆಸರು ತೆಗೆಯಿಸುವದು ಕಷ್ಟವಾಗಲಿಲ್ಲ, ವಿನಂತಿಯೊಂದು ಸಾಕಾಯಿತು. ಕಷ್ಟವಾದದ್ದು ಇನ್ನೊಂದು. ಹೆಸರಿನಿಂದ ಮನೆ ಗೊತ್ತಾದರೆ ಸಾಲದು, ಮನೆಯಿಂದಲೂ ಹೆಸರು ಗೊತ್ತಾಗಬೇಕು. ಈ ತಿರುಗುಮುರುಗಾದ ದಾಖಲೆಯನ್ನು ಬರೆಯುವ ಅಧಿಕಾರ ಮನೆಯಲ್ಲಿ ಕುಳಿತವನಿಗಿಲ್ಲ, ತಂತಿ ಎಳೆದವನಿಗೆ ಮಾತ್ರ. ಅಲ್ಲಿ ಫೋನೆತ್ತಿದವರಾರಿಗೂ ಕೇಳುತ್ತಿದ್ದುದೇನೆಂಬುದೇ ತಿಳಿಯದು. ಹನ್ನೊಂದು ದಿನ ಮಗಳು ಫೋನು ಮಾಡಿದಳು. ಹನ್ನೆರಡನೆಯ ದಿನ, ಯಾವ ಕಾರಣವೂ ಇಲ್ಲದೆ, ಕೆಲಸವಾಗಿದ್ದಿತು. ಆ ಹನ್ನೊಂದು ದಿನ ಮುಖ್ಯ ಪತ್ರಗಳನ್ನೆಲ್ಲ ಮುನೀಮರು ಹಳೆಯ ಬಾಡಿಗೆಯ ಪೆಟ್ಟಿಗೆಯಿಂದಲೇ ಕಳಿಸಿ, ಒಂದೊಂದಕ್ಕೂ ಫೋನು ಮಾಡಿ ‘ಮುಟ್ಟಿತೇನ್ರಿ?’ ಎಂದು ಕೇಳಿದರು.

ಯಂತ್ರವನ್ನು ಇಡುವ ಸ್ಥಳವೂ ಒಂದು ಸಮಸ್ಯೆಯಾಯಿತು. ಬೇಳೆಯ ಗಿರಣಿಯೆಂದರೆ ಧೂಳಿನ ರಾಜ್ಯ. ತೊಗರಿಗೆ ಎಣ್ಣೆ ನೀರು ಸವರಿ, ಒಣಗಿಸಿ, ಸಿಪ್ಪೆ ಬಿಡಿಸಿ ಎರಡು ಹೋಳು ಮಾಡುವಷ್ಟರಲ್ಲಿ ಹೊಟ್ಟು, ಚುನ್ನಿ ಹಾರಿ ಗೋಡೆ, ಗಡಿಯಾರ, ಮನುಷ್ಯರ ಹುಬ್ಬು ಎಲ್ಲಕ್ಕೂ ಒಂದೇ ಬಣ್ಣ ಬರುವದು. ಮೊದಲು ತೂಕದ ಮನೆಯಲ್ಲಿಟ್ಟ ಯಂತ್ರದ ಬೀಸಣಿಗೆ ತಿಂಗಳೊಳಗೆ ಚುನ್ನಿ ತಿಂದು ನಿಂತಿತು. ಹೊರಗೆ ಮೇ ತಿಂಗಳ ಕಲಬುರಗಿಯ ಬಿಸಿಲು, ನಲವತ್ತೆರಡು ಡಿಗ್ರಿ. ಕಡೆಗೆ ತಂಪು ಯಂತ್ರವಿದ್ದ ಒಂದೇ ಕೋಣೆಗೆ, ಎಂದರೆ ಯಜಮಾನರ ಕೋಣೆಗೆ, ಟಪಾಲು ಬಂದು ನೆಲೆಸಿತು. ಯಜಮಾನರು ಊರಲ್ಲಿಲ್ಲದಾಗಲೂ ಅವರ ಕೋಣೆ ತಂಪಾಗಿರುವದನ್ನು ಕಂಡು ಹಮಾಲರು ಅರ್ಥಮಾಡಿಕೊಂಡದ್ದು ಬೇರೆ.

ಈ ಎಲ್ಲದರ ನಡುವೆ ಒಂದು ದಿನ ಮಗಳು ಮುನೀಮರನ್ನು ಕರೆದು ಪರದೆಯ ಮೇಲೆ ಒಂದು ಕಡತವನ್ನು ತೆರೆದು ತೋರಿಸಿದಳು. ಸಣ್ಣ ಅಕ್ಷರಗಳ ಉದ್ದುದ್ದ ಸಾಲುಗಳು. ತಾರೀಖು, ತಾಸು, ನಿಮಿಷ, ಒಂದು ಗುರುತಿನ ಸಂಖ್ಯೆ, ಯಾರಿಂದ, ಯಾರಿಗೆ, ಕೊನೆಗೆ ಗತಿ. ಗತಿ ಮೂರು ಬಗೆ: ಸೆಂಟ್ ಎಂದರೆ ಮುಟ್ಟಿಸಿದೆ, ಡಿಫರ್ಡ್ ಎಂದರೆ ಆಮೇಲೆ ಬಾ ಎಂದರು, ಬೌನ್ಸ್ಡ್ ಎಂದರೆ ತಿರುಗಿ ಕಳಿಸಿದರು. ಮುನೀಮರು ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿದರು.

‘ಇದು ಆವಕ-ಜಾವಕದ ವಹಿ ಅಲ್ಲೇನು?’

ಅದೇ. ಬಾಡಿಗೆಯ ಮನೆಯಲ್ಲಿಯೂ ಆ ವಹಿ ಇತ್ತು, ಆದರೆ ಅದನ್ನು ಬಾಡಿಗೆದಾರನಿಗೆ ತೋರಿಸುತ್ತಿರಲಿಲ್ಲ. ಹದಿನೈದು ವರ್ಷ ಅವರು ಬರೆದ ‘ಕಳಿಸಿದೆ’ ಎಂಬುದಕ್ಕೆ ಗುಂಡಿ ಒತ್ತಿದ್ದೊಂದೇ ಸಾಕ್ಷಿಯಾಗಿತ್ತು. ಈಗ ಚೆನ್ನೈಯ ಬಾಗಿಲಿನಲ್ಲಿ ಯಾವ ನಿಮಿಷಕ್ಕೆ ಯಾರು ಪತ್ರವನ್ನು ಕೈಗೆ ತೆಗೆದುಕೊಂಡರೆಂಬುದೂ ಬರಹದಲ್ಲಿತ್ತು. ಒಳಗೆ ಒಯ್ದು ಅದನ್ನು ಮೇಜಿನ ಮೇಲಿಟ್ಟರೋ ಕಸಕ್ಕೆ ಹಾಕಿದರೋ ಎಂಬುದು ಮಾತ್ರ ಅದರಲ್ಲಿರದು. ಆ ಮಿತಿಯನ್ನು ಮುನೀಮರು ಬೇಗ ಗ್ರಹಿಸಿದರು, ಏಕೆಂದರೆ ರಜಿಸ್ಟರ ಟಪಾಲಿನ ಮರುಪಾವತಿಯ ಚೀಟಿಯೂ ಅಷ್ಟನ್ನೇ ಹೇಳುತ್ತಿತ್ತು. ಅಂದಿನಿಂದ ಬೆಳಿಗ್ಗೆ ಆರಕ್ಕೆ ಬಂದು, ದೇವರಿಗೆ ಊದುಬತ್ತಿ ಹಚ್ಚಿ, ಹಿಂದಿನ ರಾತ್ರಿಯ ವಹಿ ಓದುವದು ಅವರ ನೇಮವಾಯಿತು.

ಆಷಾಢದ ಒಂದು ಮುಂಜಾವಿನಲ್ಲಿ ಆ ನೇಮವೇ ಗಿರಣಿಯನ್ನು ಉಳಿಸಿತೆನ್ನಬೇಕು. ಅಥವಾ ಅದರ ಹಾನಿಯನ್ನು ಒಂದಷ್ಟು ಕಡಿಮೆ ಮಾಡಿತು. ದಿನಾಲು ಒಂದು ಪುಟದಷ್ಟಿರುವ ವಹಿ ಅಂದು ಮುಗಿಯುವಂತಿರಲಿಲ್ಲ. ರಾತ್ರಿ ಒಂದರಿಂದ ಹನ್ನೊಂದು ಸಾವಿರಕ್ಕೆ ಮಿಕ್ಕಿದ ಪತ್ರಗಳು ಜಾವಕವಾಗಿದ್ದವು, ಇನ್ನೂ ಆಗುತ್ತಿದ್ದವು. ಎಲ್ಲವೂ ತೂಕದ ಮನೆಯ ಹುಡುಗನ ಹೆಸರಿನಿಂದ. ವಾರಕ್ಕೊಂದು ಪತ್ರದ ಹುಡುಗ! ಅವನು ತನ್ನ ಗುಪ್ತಪದವನ್ನು ಗಿರಣಿಯ ಹೆಸರು, ಅದರ ಮುಂದೆ ಒಂದು ಎರಡು ಮೂರು ಎಂದು ಇಟ್ಟುಕೊಂಡಿದ್ದನು. ಲೋಕದ ಯಾವ ಮೂಲೆಯಲ್ಲಿಯೋ ಕುಳಿತ ಕಳ್ಳನ ಯಂತ್ರ ಅದನ್ನು ಊಹಿಸಿ, ಬೀಗ ತೆರೆದು, ಗಿರಣಿಯ ಉಂಗುರದಿಂದಲೇ ಮುದ್ರೆಯೊತ್ತಿ, ಸುಳ್ಳು ಸಾಲದ ಆಮಿಷದ ಪತ್ರಗಳನ್ನು ಕಂಡಕಂಡವರಿಗೆ ಹಂಚಿತ್ತು.

ಮುನೀಮರು ಮಗಳಿಗೆ ಫೋನು ಮಾಡಲಿಲ್ಲ. ಮೊದಲು ತಂತಿ ಕಿತ್ತರು. ಅದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. ಆಮೇಲೆ ಫೋನು.

ದೇಶದ ಗಣಕ ಸುರಕ್ಷತೆಯ ಸಂಸ್ಥೆಯಾದ ಸರ್ಟ್-ಇನ್, 2022ರ ಎಪ್ರಿಲ್ ತಿಂಗಳಲ್ಲಿ ಹೊರಡಿಸಿದ ಆಜ್ಞೆಯಂತೆ ಇಂಥ ಘಟನೆಯನ್ನು ತಿಳಿದ ಆರು ತಾಸಿನೊಳಗೆ ವರದಿ ಮಾಡಬೇಕು. ಯಂತ್ರದ ವಹಿಗಳನ್ನು 180 ದಿನ ಕಾಯ್ದಿಡಬೇಕು. ಎರಡನೆಯದು ಮುನೀಮರಿಗೆ ನಗೆ ತರಿಸಿತು, ಬರೇ ನೂರೆಂಬತ್ತೇ? ವರದಿಯನ್ನು ಹತ್ತು ಗಂಟೆಯೊಳಗೆ ಕಳಿಸಿದ್ದಾಯಿತು. ಗುಪ್ತಪದಗಳೆಲ್ಲ ಬದಲಾದವು, ಒಬ್ಬೊಬ್ಬರಿಗೂ ತಾಸಿಗೆ ಇಷ್ಟೇ ಪತ್ರವೆಂಬ ಕಟ್ಟು ಬಿದ್ದಿತು, ಮೂರು ಸಲ ತಪ್ಪು ಬೀಗದಕೈ ಹಾಕಿದವನಿಗೆ ಬಾಗಿಲು ಮುಚ್ಚುವ ಕಾವಲುಗಾರ ಬಂದನು. ಇವೆಲ್ಲ ಮೊದಲೇ ಆಗಬೇಕಾಗಿದ್ದ ಕೆಲಸಗಳು. ಅದನ್ನು ಮಗಳು ತಾನಾಗಿ ಒಪ್ಪಿಕೊಂಡಳು, ಮತ್ತು ಆ ದಿನ ಊಟ ಮಾಡಲಿಲ್ಲ. ಗಿರಣಿಯ ಹೆಸರು ಪುನಃ ಪಟ್ಟಿಗಳಲ್ಲಿ ಸೇರಿತು. ಈ ಸಲ ಬೇರೆಯವನ ತಪ್ಪೆನ್ನುವಂತಿರಲಿಲ್ಲ. ಜನೇವರಿಯಲ್ಲಿ ತಮ್ಮ ಪತ್ರವನ್ನು ಕಸಕ್ಕೆ ದೂಡಿದ ಆ ಕಾಣದ ನೆರೆಯವನನ್ನು ಮುನೀಮರು ಎಷ್ಟು ಶಪಿಸಿದ್ದರು! ಅವನೂ ಇಂಥದೇ ಒಬ್ಬ ತೂಕದ ಮನೆಯ ಹುಡುಗನನ್ನು ಇಟ್ಟುಕೊಂಡಿದ್ದ ಬಡ ಅಂಗಡಿಕಾರನಾಗಿರಬಹುದೆಂದು ಆ ದಿನ ಮೊದಲ ಸಲ ಅವರಿಗೆ ತೋರಿತು.

ಮಧ್ಯಾಹ್ನದಿಂದ ಸಂಜೆಯ ವರೆಗೆ ಅವರು ಗಿರಾಕಿಗಳಿಗೆ ಒಬ್ಬೊಬ್ಬರಿಗೂ ಫೋನು ಮಾಡಿದರು. ನಮ್ಮ ಹೆಸರಿನಲ್ಲಿ ಕೆಟ್ಟ ಪತ್ರ ಬಂದಿದ್ದರೆ ಅದು ನಮ್ಮದಲ್ಲ, ಆದರೆ ನಮ್ಮ ಮನೆಯಿಂದಲೇ ಬಂದದ್ದು, ಕ್ಷಮಿಸಬೇಕು. ಈ ಎರಡನೆಯ ಮಾತನ್ನು ಸೇರಿಸುವದು ಬೇಡವೆಂದು ಯಜಮಾನರು ಹೇಳಿದ್ದರು. ಮುನೀಮರು ಸೇರಿಸಿದರು. ತೂಕದ ಮನೆಯ ಹುಡುಗನನ್ನು ಕೆಲಸದಿಂದ ತೆಗೆಯುವ ಮಾತು ಬಂದಾಗಲೂ ಅವರು ಒಪ್ಪಲಿಲ್ಲ. ಅವನಿಗೆ ಗುಪ್ತಪದ ಇಟ್ಟುಕೊಳ್ಳುವ ರೀತಿಯನ್ನು ಹೇಳಿ ಕೊಟ್ಟವರು ಯಾರು ಎಂದು ಕೇಳಿದರು.

ಡಿಸೆಂಬರದಲ್ಲಿ ಮಗಳಿಗೆ ಹೈದರಾಬಾದಿನಲ್ಲಿ ಕೆಲಸ ಸಿಕ್ಕಿತು. ಸಂತೋಷದ ಸುದ್ದಿಯೇ, ಆದರೂ ಅಂದು ಸಂಜೆ ಯಜಮಾನರ ಕೋಣೆಯಲ್ಲಿ ನಡೆದ ಮಾತುಕತೆಯಲ್ಲಿ ಸಂತೋಷವಿರಲಿಲ್ಲ. ಒಬ್ಬರ ತಲೆಯಲ್ಲಿರುವ ವಿದ್ಯೆಯ ಮೇಲೆ ನಿಂತ ಮನೆ ಅವರು ಹೊರಟಾಗ ಬೀಳುವದು. ಬಾಡಿಗೆಯ ಮನೆಗೇ ಹಿಂತಿರುಗುವದೆಂದು ಯಜಮಾನರು ಹೆಚ್ಚು ಕಡಿಮೆ ನಿಶ್ಚಯಿಸಿದ್ದರು. ಸ್ವಂತ ಮನೆಯ ಪರವಾಗಿ ಹೇಳುವದಕ್ಕೆ ಲೆಕ್ಕದಲ್ಲಿ ಹೆಚ್ಚೇನೂ ಇರಲಿಲ್ಲ: ಬಾಡಿಗೆ ಉಳಿದಿತ್ತು, ಆದರೆ ಬ್ಯಾಟರಿ, ತಂತಿ, ತಂಪು ಯಂತ್ರದ ವಿದ್ಯುತ್ತು ಅದನ್ನು ಬಹುಮಟ್ಟಿಗೆ ನುಂಗಿದ್ದವು.

ಆಗ ಮುನೀಮರು ಒಳಗಿನಿಂದ ಹಿರಿಯ ಯಜಮಾನರ ಕಾಲದ ತಗಡಿನ ಪೆಟ್ಟಿಗೆಯನ್ನು ತಂದರು. ಅದರಲ್ಲಿ ನಿಜಾಮರ ಆಳಿಕೆಯ ಲಕೋಟೆಗಳಿದ್ದವು. ಹೈದರಾಬಾದು ಸಂಸ್ಥಾನಕ್ಕೆ ತನ್ನದೇ ಟಪಾಲು ಇತ್ತು. 1869ರಿಂದ ತನ್ನದೇ ತಿಕೀಟು. ಗುಲ್ಬರ್ಗಾದಿಂದ ಬೀದರಕ್ಕೆ, ರಾಯಚೂರಿಗೆ ಆ ತಿಕೀಟು ನಡೆಯುವದು. ಆದರೆ ಸೊಲ್ಲಾಪುರ ಪರರಾಜ್ಯ. ಅಲ್ಲಿ ನಿಜಾಮರ ತಿಕೀಟಿಗೆ ಬೆಲೆಯಿಲ್ಲ, ಬ್ರಿಟಿಷರದೇ ಬೇಕು. ಬೀದರದ ಲಕೋಟೆಗಳ ಮೇಲೆ ಒಂದು ಬಗೆ, ಸೊಲ್ಲಾಪುರದವುಗಳ ಮೇಲೆ ಇನ್ನೊಂದು. ಸಂಸ್ಥಾನ ಭಾರತದಲ್ಲಿ ಸೇರಿ, 1950ರಲ್ಲಿ ಅದರ ಟಪಾಲೂ ದೇಶದ ಟಪಾಲಿನಲ್ಲಿ ಕೂಡಿತು. ಮೈಸೂರಿನ ಕಥೆಯೂ ಇಂಥದೇ. ಚಿಕ್ಕದೇವರಾಜ ಒಡೆಯರು 1672ರಲ್ಲಿ ಹೂಡಿದ ಅಂಚೆ ಎರಡು ಶತಮಾನ ನಡೆದು 1889ರಲ್ಲಿ ಬ್ರಿಟಿಷರ ಟಪಾಲಿನೊಳಗೆ ಕರಗಿತು. ಅಂಚೆ ಎಂಬ ಹೆಸರು ಮಾತ್ರ ಕನ್ನಡಿಗರ ಬಾಯಲ್ಲಿ ಉಳಿದು, ಇಂದು ಮಿಂಚಿನೊಡನೆಯೂ ಸಮಾಸವಾಗಿದೆ.

‘ಊರೊಳಗಿಂದು ನಮ್ಮದಿರಲಿ,’ ಎಂದರು ಮುನೀಮರು, ‘ಹೊರಗ ಹೋಗೂದಕ್ಕ ಹೊರಗಿನ ತಿಕೀಟು ಹಚ್ಚಿದರಾತು.’

ಮಗಳು ಮೊದಲು ನಕ್ಕಳು, ಆಮೇಲೆ ಸುಮ್ಮನಾದಳು. ಇದೇ ವ್ಯವಸ್ಥೆ ಬಲ್ಲವರಲ್ಲಿ ಬಳಕೆಯಲ್ಲಿರುವದೇ ಆಗಿತ್ತು. ಬರುವ ಪತ್ರ, ಇಡುವ ಪತ್ರ, ಗಿರಣಿಯೊಳಗೇ ಓಡಾಡುವ ಪತ್ರ ಮನೆಯ ಯಂತ್ರದಲ್ಲಿ. ಪರಸ್ಥಳಕ್ಕೆ ಹೋಗುವವುಗಳನ್ನು ಮಾತ್ರ ಒಬ್ಬ ಹೆಸರುವಾಸಿಯಾದ ಬಾಡಿಗೆಯ ಹರಿಕಾರನ ಕೈಗೆ ಕೊಡುವದು. ಅವನ ಮನೆನಂಬರನ್ನು ಲೋಕ ಬಲ್ಲದು. ಅವನು ಕೇಳುವದು ತಲೆಯ ಲೆಕ್ಕದಲ್ಲಲ್ಲ, ಪತ್ರಗಳ ಲೆಕ್ಕದಲ್ಲಿ. ಅವನ ವಹಿಯೂ ನೋಡಲು ಸಿಕ್ಕುವದು. ಹೊರಡುವ ಮೊದಲು ಮಗಳು ಇದನ್ನು ಜೋಡಿಸಿದಳು. ಯಂತ್ರ ನಿಂತರೆ ಏನು, ಡಿಸ್ಕು ಕೆಂಪು ದೀಪ ತೋರಿದರೆ ಏನು, ಮುದ್ರೆಯ ಪ್ರಮಾಣಪತ್ರದ ತೊಂಬತ್ತು ದಿನದ ಅವಧಿ ತಾನಾಗಿ ನವೀಕರಣವಾಗದಿದ್ದರೆ ಏನು ಎಂಬದನ್ನೆಲ್ಲ ಅವಳು ಹೇಳುತ್ತ ಹೋದಂತೆ ಮುನೀಮರು ತಮ್ಮ ದುಂಡು ಅಕ್ಷರಗಳಲ್ಲಿ ಒಂದು ಹೊಸ ವಹಿಯಲ್ಲಿ ಬರೆದುಕೊಂಡರು. ತೂಕದ ಮನೆಯ ಹುಡುಗ ಪಕ್ಕದಲ್ಲಿ ನಿಂತಿರಬೇಕೆಂದು ಅವರ ಅಪ್ಪಣೆಯಾಗಿತ್ತು. ಶನಿವಾರ ಸಂಜೆ ಪತ್ರಗಳ ಪ್ರತಿ ತೆಗೆದ ಸಣ್ಣ ಡಿಸ್ಕನ್ನು ಕೆಂಪು ಅರಿವೆಯಲ್ಲಿ ಸುತ್ತಿ ಊರೊಳಗಿನ ಮನೆಗೆ ಒಯ್ಯುವದು ಆ ಹುಡುಗನ ಕೆಲಸವಾಗಿದೆ.

2025ರ ಮೇ ತಿಂಗಳಲ್ಲಿ ಒಂದು ಸಂಜೆ ಗಾಳಿಮಳೆ ಎದ್ದು ನಂದೂರಿನ ಕಡೆಯ ಕಂಬಗಳು ಉರುಳಿದವು. ಬ್ಯಾಟರಿ ಎರಡು ತಾಸು ಎಳೆದು ನಿಂತಿತು. ಕತ್ತಲೆಯಲ್ಲಿ ಕುಳಿತ ಮುನೀಮರು ಹೈದರಾಬಾದಿಗೆ ಫೋನು ಮಾಡಿದರು. ಬಂದ ಪತ್ರಗಳು ಹಿಂದಕ್ಕೆ ಹೋಗಲಾರವೇ? ಹೋಗಲಾರವೆಂದಳು ಮಗಳು, ಬಾಗಿಲು ಮುಚ್ಚಿದ್ದರೆ ಟಪಾಲಿನವನು ಕೂಡಲೆ ತಿರುಗಿ ಹೋಗುವದಿಲ್ಲ, ಸ್ವಲ್ಪ ಸ್ವಲ್ಪ ಹೊತ್ತು ಬಿಟ್ಟು ನಾಲ್ಕೈದು ದಿನದ ವರೆಗೆ ಮತ್ತೆ ಮತ್ತೆ ಬಂದು ಬಾಗಿಲು ಬಡಿಯಬೇಕೆಂದು ನಿಯಮವಿದೆ. ಆ ಹಳ್ಳಿಯ ಕಾಲದ ನಿಯಮಗಳಲ್ಲಿ ಇದೊಂದು ಇನ್ನೂ ಉಳಿದಿದೆ. ಮುನೀಮರು ಮನೆಗೆ ಹೋಗಲಿಲ್ಲ. ರಾತ್ರಿ ಹನ್ನೊಂದೂವರೆಗೆ ದೀಪ ಬಂದಿತು. ಯಂತ್ರ ಎದ್ದು, ಗುಂಯ್‌ಗುಟ್ಟಿ, ವಹಿಯನ್ನು ತೆರೆಯಿತು. ಮೊದಲು ಏನೂ ಇಲ್ಲ. ಆಮೇಲೆ ಒಂದು ಸಾಲು, ಅದರ ಬೆನ್ನಿಗೆ ಮತ್ತೊಂದು. ಸಂಜೆಯಿಂದ ಹೊರಗೆ ಕಾದು ನಿಂತವರು ಒಬ್ಬೊಬ್ಬರಾಗಿ ಒಳಗೆ ಬರತೊಡಗಿದರು. ಬೆಳಗಾಗುವದರೊಳಗೆ ಇಪ್ಪತ್ತಮೂರು.

ಅವುಗಳಲ್ಲಿ ಒಂದು ಚೆನ್ನೈಯ ಆ ಹಳೆಯ ಗಿರಾಕಿಯದು. ಎರಡು ಲಾರಿಗೆ ದರ ಕೇಳಿದ್ದನು. ಯಜಮಾನರು ಬಂದು ದರ ಹೇಳಿದ ಮೇಲೆ ಉತ್ತರ ಹೋಯಿತು. ಹರಿಕಾರನ ವಹಿಯಲ್ಲಿ ಮುಟ್ಟಿದ ನಿಮಿಷ ಬಿದ್ದಿತು. ಮುನೀಮರು ಕಾಗದದ ವಹಿಯಲ್ಲಿ ಬಲಗಡೆ ನಂಬರು ಹಾಕಿದರು. ಆದರೂ ಫೋನೆತ್ತಿ, ‘ಮುಟ್ಟಿತೇನ್ರಿ?’ ಎಂದು ಕೇಳಿದರು.

ಮುಟ್ಟಿದೆ, ಆದರೆ ದರ ಕ್ವಿಂಟಲಿಗೆ ಇನ್ನೂರು ರೂಪಾಯಿ ಹೆಚ್ಚಾಯಿತು, ಎಂದು ಆ ತುದಿಯಿಂದ ಉತ್ತರ ಬಂದಿತು. ಮುನೀಮರು ಅದನ್ನು ವಿಷಯದ ಅಂಕಣದಲ್ಲಿ ಬರೆದುಕೊಂಡರು.